ಹೆಬ್ಬೆರಳಿಗೆ ಮೆತ್ತಗಿದ್ದರೆ ಸಾಲದು

ಎಲ್ಲರಿಗೂ ನಮಸ್ಕಾರ. ಬೈಕ್ ಸೀಟಿನ ಬಗ್ಗೆ ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಎರಡೂ ಅಂಗೈಗಳನ್ನು ಮೇಲೆ ಮಾಡಿ ಪಿರ್ರೆಯ ಕೆಳಗೆ ಇಟ್ಟುಕೊಂಡು ಕೂತುಕೊಳ್ಳಿ. ನಾಚಿಕೆ ಬೇಡ, ಪಕ್ಕದವರೂ ಅದನ್ನೇ ಮಾಡುತ್ತಿದ್ದಾರೆ. ಈಗ ಸ್ವಲ್ಪ ಹಿಂದೆ ಮುಂದೆ ಅಲ್ಲಾಡಿ. ಒಂದೊಂದು ಅಂಗೈಗೂ ಒಂದೊಂದು ಗಟ್ಟಿ ಗಂಟು ಒತ್ತುತ್ತಿದೆ, ಅಲ್ವಾ? ಹಾಗೇ ಒಂದು ನಿಮಿಷ ಇರಿ. ಬೆರಳು ಜೋಮು ಹಿಡಿಯೋಕೆ ಶುರುವಾದರೆ ಕೈ ತೆಗೆಯಿರಿ.

ಆ ಎರಡು ಗಂಟುಗಳೇ ನಾವು ಕೂರುವ ಮೂಳೆಗಳು. ವೈದ್ಯರು ಇಶಿಯಲ್ ಟ್ಯೂಬರಾಸಿಟಿ ಅನ್ನುತ್ತಾರೆ. ಸೊಂಟದ ಎಲುಬಿನ ತೀರಾ ಕೆಳಗಿನ ತುದಿಗಳು. ಅವುಗಳ ನಡುವಿನ ಅಂತರ ಹೆಚ್ಚಿನವರಲ್ಲಿ 10ರಿಂದ 14 ಸೆಂಟಿಮೀಟರ್. ಹೆಂಗಸರಲ್ಲಿ ಸರಾಸರಿ ಸ್ವಲ್ಪ ಜಾಸ್ತಿ. ಮೋಟಾರ್‌ಸೈಕಲ್ ಮೇಲೆ ಕೂತಾಗ ನಮ್ಮ ಮೈಭಾರದ ದೊಡ್ಡ ಪಾಲು ಈ ಎರಡು ಸಣ್ಣ ಜಾಗಗಳ ಮೂಲಕ ಸೀಟಿಗೆ ಇಳಿಯುತ್ತದೆ. ನಿಮ್ಮ ಅಂಗೈ ಒಂದೇ ನಿಮಿಷ ತಡೆದುಕೊಂಡದ್ದನ್ನು ಸೀಟು ಇಡೀ ದಿನ ತಡೆದುಕೊಳ್ಳಬೇಕು.

ಹೊಸ ಗಾಡಿ ನೋಡೋಕೆ ಹೋದಾಗ ನಾವು ಏನು ಮಾಡುತ್ತೇವೆ? ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇವೆ. ಒಳಗೆ ಹೋದರೆ "ಮೆತ್ತಗಿದೆ" ಅಂತ ಖುಷಿ. ಹೋಗದಿದ್ದರೆ "ಕಲ್ಲು ಇದ್ದ ಹಾಗಿದೆ" ಅಂತ ಮುಖ ಸಿಂಡರಿಸುತ್ತೇವೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಈ ಹೆಬ್ಬೆರಳಿನ ಬಗ್ಗೆಯೇ. ಅದು ಹೇಳುವುದನ್ನು ನಂಬಿ ಬೆನ್ನು, ಸೊಂಟ ಹಾಳು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ನನ್ನ ಮೊದಲ ಗಾಡಿಯ ಸೀಟು ಗಟ್ಟಿ ಅನ್ನಿಸುತ್ತಿತ್ತು. ಕುಶನ್ ಕೆಲಸ ಮಾಡುವವರ ಹತ್ತಿರ ಕೊಟ್ಟೆ. ಅವರು ಮೇಲೆ ಎರಡು ಇಂಚು ಮೆತ್ತನೆ ಫೋಮ್ ಇಟ್ಟು, ಹೊಸ ರೆಕ್ಸಿನ್ ಹೊಲಿದು ಕೊಟ್ಟರು. ಊರೊಳಗೆ ಓಡಾಡುವಾಗ ಸ್ವರ್ಗ. ಅದೇ ಸೀಟಿನ ಮೇಲೆ 300 ಕಿಲೋಮೀಟರ್ ಹೋದ ದಿನ, ಎರಡನೇ ಗಂಟೆಗೆ ಉರಿ ಶುರುವಾಯಿತು. ನಾಲ್ಕನೇ ಗಂಟೆಗೆ ಒಂದು ಪಿರ್ರೆ ಮೇಲೆ ಕೂರುವುದು, ಆಮೇಲೆ ಇನ್ನೊಂದರ ಮೇಲೆ ಕೂರುವುದು, ಹೀಗೆ ದಾರಿ ಸವೆಸಿದೆ. ಗಮನವೆಲ್ಲ ನೋವಿನ ಮೇಲೆ, ರಸ್ತೆ ಮೇಲೆ ಇರಲಿಲ್ಲ. ಆ ಮಾತು ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುತ್ತದೆ.

ವಾಪಸ್ ಬಂದು ಸೀಟು ಬಿಚ್ಚಿದೆ. ಬಿಚ್ಚುವುದು ಕಷ್ಟ ಏನಿಲ್ಲ. ಸೀಟನ್ನು ಬೋರಲು ಹಾಕಿ, ತಳದ ಪ್ಲಾಸ್ಟಿಕ್ಕಿಗೆ ಹೊಡೆದಿರುವ ಸ್ಟೇಪಲ್ ಪಿನ್ನುಗಳನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಇಕ್ಕಳದಿಂದ ಒಂದೊಂದೇ ಕಿತ್ತರೆ ಆಯಿತು. ರೆಕ್ಸಿನ್ ಮಡಚಿದ ತಕ್ಷಣ ಹಳೇ ಮಳೆ ನೀರಿನ ಮುಗ್ಗಲು ವಾಸನೆ ಬಂತು. ಹೊಲಿಗೆಯ ತೂತುಗಳಿಂದ ನೀರು ಇಳಿದು ಫೋಮಿನೊಳಗೆ ನಿಂತಿತ್ತು. ಮೆತ್ತನೆ ಪದರ ಎತ್ತಿ ಬೆಳಕಿಗೆ ಹಿಡಿದೆ. ಎರಡು ಕಡೆ, ಅಂಗೈ ಅಗಲದ ಅಂತರದಲ್ಲಿ, ಎರಡು ಗುಳಿ. ಆ ಜಾಗದಲ್ಲಿ ಫೋಮು ಚಪಾತಿಯ ಹಾಗೆ ಚಪ್ಪಟೆಯಾಗಿ, ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತಿತ್ತು. ಸುತ್ತಲಿನ ಫೋಮು ಮಾತ್ರ ಹೊಸದರಂತೆ ಉಬ್ಬಿಕೊಂಡಿತ್ತು. ಅಂದರೆ ನನ್ನ ಮೂಳೆಗಳು ಮೆತ್ತನೆಯದನ್ನು ಪೂರ್ತಿ ದಾಟಿ ತಳ ಮುಟ್ಟಿದ್ದವು. ಭಾರ ಹೊರಬೇಕಾಗಿದ್ದ ಜಾಗ ಸೋತಿತ್ತು, ಭಾರ ಬೇಡದ ಒಳತೊಡೆಯ ಕಡೆ ಉಬ್ಬು ಒತ್ತುತ್ತಿತ್ತು. ಅವತ್ತಿನಿಂದ ಸೀಟು ಬಿಚ್ಚುವುದು ನನಗೆ ಅಭ್ಯಾಸವಾಗಿಬಿಟ್ಟಿತು.

ಫೋಮಿನ ಬಗ್ಗೆ ಎರಡು ಮಾತು. ಇಲ್ಲಿ ಗೊಂದಲ ಜಾಸ್ತಿ. ಸೀಟಿನೊಳಗೆ ಇರುವುದು ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಓಟೋ ಬಾಯರ್ ಮತ್ತು ಅವರ ಜೊತೆಗಾರರು ಇದರ ರಸಾಯನ ಕಂಡುಹಿಡಿದರು. 1950ರ ದಶಕದಲ್ಲಿ ಅದರ ಮೆತ್ತನೆ ಫೋಮು ಮಾರುಕಟ್ಟೆಗೆ ಬಂತು. ಫೋಮು ಕೊಳ್ಳೋಕೆ ಹೋದರೆ "ಹೈ ಡೆನ್ಸಿಟಿ ಕೊಡಿ, ಗಟ್ಟಿ ಇರುತ್ತೆ" ಅನ್ನುತ್ತೇವೆ. ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರಿನಲ್ಲಿ ಎಷ್ಟು ಕಿಲೋ ಮಾಲು ಇದೆ ಅನ್ನುವುದು. ಅದು ಬಾಳಿಕೆಯ ಲೆಕ್ಕ. ಡೆನ್ಸಿಟಿ ಜಾಸ್ತಿ ಇದ್ದೂ ಮೆತ್ತಗಿರುವ ಫೋಮಿದೆ. ಕಡಿಮೆ ಇದ್ದೂ ಗಟ್ಟಿ ಇರುವ ಫೋಮಿದೆ. ಅದು ಬೇಗ ಕುಗ್ಗಿಹೋಗುತ್ತದೆ.

ಗಟ್ಟಿತನ ಅಳೆಯುವುದು ಬೇರೆ ರೀತಿ. 10 ಸೆಂಟಿಮೀಟರ್ ದಪ್ಪದ ಫೋಮಿನ ಮೇಲೆ ಸುಮಾರು 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆ ಇಟ್ಟು ಒತ್ತುತ್ತಾರೆ. ಕಾಲು ಭಾಗ, ಅಂದರೆ 25 ಶೇಕಡಾ ಕುಗ್ಗಿಸೋಕೆ ಎಷ್ಟು ಬಲ ಬೇಕಾಯಿತು ಅಂತ ಬರೆದುಕೊಳ್ಳುತ್ತಾರೆ. ಆಮೇಲೆ 65 ಶೇಕಡಾ ಕುಗ್ಗುವವರೆಗೆ ಒತ್ತಿ ಮತ್ತೆ ಬರೆದುಕೊಳ್ಳುತ್ತಾರೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ನಮಗೆ ಬೇಕಾದದ್ದು. ಅದು ದೊಡ್ಡದಿದ್ದಷ್ಟೂ ಫೋಮು ಮೇಲೆ ಮೆತ್ತಗೆ ಬರಮಾಡಿಕೊಂಡು, ಒಳಗೆ ಹೋದ ಹಾಗೆ ಗಟ್ಟಿಯಾಗಿ ಎತ್ತಿ ಹಿಡಿಯುತ್ತದೆ. ನಮ್ಮ ಹೆಬ್ಬೆರಳಿಗೆ ಗೊತ್ತಾಗುವುದು ಮೊದಲನೆಯ ಅಳತೆ ಮಾತ್ರ. ಮೂಳೆಗೆ ಬೇಕಾಗಿರುವುದು ಎರಡನೆಯದು.

ಇನ್ನು ಉರಿ ಯಾಕೆ ಬರುತ್ತದೆ? ಚರ್ಮದ ಸಣ್ಣ ಸಣ್ಣ ರಕ್ತನಾಳಗಳಲ್ಲಿ ರಕ್ತದ ಒತ್ತಡ ಬಹಳ ಕಡಿಮೆ. ಸುಮಾರು 32 ಮಿಲಿಮೀಟರ್ ಪಾದರಸ ಅನ್ನುವ ಅಳತೆಯನ್ನು ವೈದ್ಯರು ಬಹಳ ಕಾಲದಿಂದ ಬಳಸುತ್ತ ಬಂದಿದ್ದಾರೆ. ಹೊರಗಿನ ಒತ್ತಡ ಅದನ್ನು ಮೀರಿದರೆ ಆ ಜಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಕೂರುವ ಮೂಳೆಗಳ ಕೆಳಗೆ ಯಾವ ಸೀಟಿನಲ್ಲೂ ಒತ್ತಡ ಇದನ್ನು ಮೀರಿಯೇ ಇರುತ್ತದೆ. ಕುರ್ಚಿಯಲ್ಲೂ ಅಷ್ಟೇ. ಆದರೆ ಕುರ್ಚಿಯಲ್ಲಿ ನಮಗೇ ಗೊತ್ತಿಲ್ಲದೆ ಮಗ್ಗುಲು ಬದಲಿಸುತ್ತಿರುತ್ತೇವೆ. ಗಾಡಿ ಮೇಲೆ ಒಂದೇ ಭಂಗಿಯಲ್ಲಿ ಕಟ್ಟಿಹಾಕಿದ ಹಾಗೆ ಕೂರುತ್ತೇವೆ. ಗಾಲಿಕುರ್ಚಿ ಬಳಸುವವರಿಗೆ ಆಗಾಗ ಮೈ ಎತ್ತಿ ಭಾರ ಇಳಿಸಿಕೊಳ್ಳೋಕೆ ಹೇಳಿಕೊಡುವುದು ಇದೇ ಕಾರಣಕ್ಕೆ. ಬೈಕಿಗೆ ಹಾಕುವ ಗಾಳಿ ಗುಳ್ಳೆಗಳ ಕುಶನ್ ಕೂಡ ಬಂದದ್ದು ಅವರಿಗಾಗಿ ಮಾಡಿದ ಕುಶನ್ನಿನಿಂದಲೇ. ಗುಳ್ಳೆಯಿಂದ ಗುಳ್ಳೆಗೆ ಗಾಳಿ ಹರಿದು ಭಾರ ಹಂಚಿಹೋಗುತ್ತದೆ. ಒಂದು ಎಚ್ಚರಿಕೆ: ಅದಕ್ಕೆ ಗಾಳಿ ತುಂಬಾ ತುಂಬಿಸಬೇಡಿ. ಮೂಳೆಗೂ ಸೀಟಿಗೂ ನಡುವೆ ಒಂದು ಬೆರಳಿನಷ್ಟು ಗಾಳಿ ಇದ್ದರೆ ಸಾಕು. ಬಿಗಿಯಾಗಿ ಊದಿಸಿದರೆ ಚೆಂಡಿನ ಮೇಲೆ ಕೂತ ಹಾಗಾಗುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1885ರಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬ್ಯಾಕ್ ಪೆಟ್ರೋಲ್ ಎಂಜಿನ್ನಿನ ಮೊದಲ ದ್ವಿಚಕ್ರ ಗಾಡಿ ಮಾಡಿದರು. ಮರದ ಚೌಕಟ್ಟು, ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರ, ಮೇಲೊಂದು ತೊಗಲಿನ ಜೀನು. ಎಂಜಿನ್ನು ಸರಿಯಾಗಿ ಸೀಟಿನ ಕೆಳಗೇ ಇತ್ತು. ಇಂಧನ ಹೊತ್ತಿಸೋಕೆ ಕಾದ ಕೊಳವೆ. ಡೈಮ್ಲರ್ ಮಗ ಪೌಲ್ ಅದನ್ನು ಓಡಿಸುವಾಗ ಸೀಟಿಗೆ ಬೆಂಕಿ ಹತ್ತಿಕೊಂಡಿತು ಅಂತ ಹೇಳುತ್ತಾರೆ. ಸೀಟಿನ ಕೆಳಗಿನ ಶಾಖ ಇವತ್ತಿಗೂ ಮುಗಿಯದ ತೊಂದರೆ. ದೊಡ್ಡ ಎಂಜಿನ್ನಿನ ಗಾಡಿ ಇರುವವರಿಗೆ ನಾನು ಹೇಳುವುದು ಬೇಕಿಲ್ಲ.

ಆ ಕಾಲದಲ್ಲಿ ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ನೇ ಇರಲಿಲ್ಲ. ಚಕ್ರ ನೇರ ಚೌಕಟ್ಟಿಗೆ. ಹಾಗಾಗಿ ಸೀಟೇ ಸಸ್ಪೆನ್ಷನ್ನಿನ ಕೆಲಸವನ್ನೂ ಮಾಡಬೇಕಿತ್ತು. ಹಳೇ ಚಿತ್ರಗಳಲ್ಲಿ ತೊಗಲು ಸೀಟಿನ ಕೆಳಗೆ ದಪ್ಪ ದಪ್ಪ ಸ್ಪ್ರಿಂಗ್ ಕಾಣುತ್ತವಲ್ಲ, ಅದು ಅಂದಕ್ಕೆ ಇಟ್ಟದ್ದಲ್ಲ. ಹಾರ್ಲಿ-ಡೇವಿಡ್‌ಸನ್ನಿನ ದೊಡ್ಡ ಗಾಡಿಗಳಿಗೆ ಹಿಂದೆ ಸಸ್ಪೆನ್ಷನ್ ಬಂದದ್ದು 1958ರಲ್ಲಿ. ಅಲ್ಲಿಯವರೆಗೆ ಸೀಟಿನ ಕಂಬದೊಳಗೆ ಸ್ಪ್ರಿಂಗ್ ಇಟ್ಟು ನಿಭಾಯಿಸಿದರು. ಹಿಂದಿನ ಚಕ್ರಕ್ಕೆ ಸ್ವಿಂಗ್‌ಆರ್ಮ್ (ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮತ್ತು ಶಾಕ್ ಬಂದ ಮೇಲೆಯೇ ಸೀಟು ಉದ್ದವಾಗಿ, ಇಬ್ಬರು ಕೂರುವ ಬೆಂಚಿನ ಹಾಗಾಯಿತು.

ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ತುಣುಕಿದೆ. ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್ಲೆಸ್ ಅಣ್ಣತಮ್ಮಂದಿರು ನಾರ್ಟನ್ ಕಂಪನಿಗೆ 1950ರಲ್ಲಿ ಒಂದು ರೇಸಿಂಗ್ ಫ್ರೇಮ್ ಮಾಡಿಕೊಟ್ಟರು. ಅದನ್ನು ಓಡಿಸಿ ನೋಡಿದ ರೇಸರ್ ಹೆರಾಲ್ಡ್ ಡ್ಯಾನಿಯೆಲ್, ಇದು ಹಕ್ಕಿ ಪುಕ್ಕದ ಹಾಸಿಗೆ ಮೇಲೆ ಸವಾರಿ ಮಾಡಿದ ಹಾಗಿದೆ ಅಂದರಂತೆ. ಫ್ರೇಮಿಗೆ ಫೆದರ್‌ಬೆಡ್ ಅನ್ನುವ ಹೆಸರೇ ಉಳಿಯಿತು. ಹಾಸಿಗೆ ಅಂತ ಹೊಗಳಿಸಿಕೊಂಡದ್ದು ಸೀಟಲ್ಲ, ಫ್ರೇಮು ಮತ್ತು ಸಸ್ಪೆನ್ಷನ್ನು. ಅದಕ್ಕೇ ಯಾರಾದರೂ ನನ್ನ ಹತ್ತಿರ ಸೀಟು ತಂದರೆ ನಾನು ಮೊದಲು ಕೇಳುವುದು ಎರಡು ಪ್ರಶ್ನೆ. ಟೈರಿನಲ್ಲಿ ಗಾಳಿ ಎಷ್ಟಿದೆ? ಹಿಂದಿನ ಶಾಕ್ ನಿಮ್ಮ ತೂಕಕ್ಕೆ ಸರಿಯಾಗಿ ಸೆಟ್ ಆಗಿದೆಯಾ? ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಇದರ ಹಿಂದೆ ಲೆಕ್ಕವೂ ಇದೆ. ಕೂತಿರುವ ಮನುಷ್ಯನ ಮೈ ಮೇಲೆ ಕೆಳಗೆ ಅಲುಗಿದಾಗ, ಸೆಕೆಂಡಿಗೆ 4ರಿಂದ 8 ಸಲದ ಅಲುಗಾಟ ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಹೊಟ್ಟೆಯೊಳಗಿನ ಅಂಗಗಳು, ಬೆನ್ನುಮೂಳೆ ಆ ತಾಳಕ್ಕೇ ಕುಣಿಯೋಕೆ ಶುರುಮಾಡುತ್ತವೆ. ಹದಗೆಟ್ಟ ರಸ್ತೆ ಕೊಡುವುದು ಹೆಚ್ಚುಕಡಿಮೆ ಇದನ್ನೇ. ಫೋಮು ಇದನ್ನು ತಡೆಯಲಾರದು. ತೀರಾ ಮೆತ್ತಗಿದ್ದು ಪುಟಿಯುವ ಫೋಮಾದರೆ ಇನ್ನೂ ಹೆಚ್ಚಿಸುತ್ತದೆ. ಎಂಜಿನ್ನಿನ ನಡುಕ ಬೇರೆ ಜಾತಿಯದು. ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್ ಸೆಕೆಂಡಿಗೆ 83 ಸಲ ನಡುಗಿಸುತ್ತದೆ. ಅದನ್ನು ಫೋಮು ಚೆನ್ನಾಗಿಯೇ ನುಂಗುತ್ತದೆ. ಹಾಗಾಗಿ ಗುಂಡಿಯ ಏಟಿಗೆ ಸೀಟನ್ನು ಬಯ್ಯುವುದು ತಪ್ಪು. ಕೈಕಾಲು ಜುಮ್ ಅನ್ನುವ ನಡುಕಕ್ಕೆ ಸೀಟನ್ನು ಕೇಳುವುದು ಸರಿ.

ಮೆಮೊರಿ ಫೋಮ್ ಹೇಗೆ ಅಂತ ಎಲ್ಲ ಕಡೆ ಕೇಳುತ್ತಾರೆ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಸೀಟಿಗೆ ಅಂತ ಮಾಡಿದ್ದು. ಮೈ ಬಿಸಿಗೆ ಕರಗಿದ ಹಾಗೆ ಮೈಯ ಆಕಾರ ತಳೆಯುತ್ತದೆ. ಮೇಲಿನ ಒಂದು ತೆಳು ಪದರವಾಗಿ ಅದು ಒಳ್ಳೆಯದೇ. ಆದರೆ ಇಡೀ ಸೀಟು ಅದರದ್ದೇ ಮಾಡಿಸಬೇಡಿ. ಚಳಿಯಲ್ಲಿ ಹಲಗೆಯಾಗುತ್ತದೆ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬೆಣ್ಣೆಯಾಗುತ್ತದೆ. ಜೆಲ್ ಕೂಡ ಹಾಗೇ. ಅದು ಕುಗ್ಗುವುದಿಲ್ಲ, ಪಕ್ಕಕ್ಕೆ ಸರಿದು ಭಾರ ಹಂಚುತ್ತದೆ. ಆದರೆ ಬಿಸಿಲು ಕುಡಿದರೆ ಬೇಗ ತಣ್ಣಗಾಗುವುದಿಲ್ಲ. ಅದರ ಮೇಲೆ ಒಂದು ಪದರ ಫೋಮು ಬೇಕೇ ಬೇಕು.

ಈಗ ಆಕಾರಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಫೋಮಿಗಿಂತ ಆಕಾರವೇ ದೊಡ್ಡದು. ಹಳೇ ಟ್ರಾಕ್ಟರಿನ ಕಬ್ಬಿಣದ ಸೀಟಿನ ಮೇಲೆ ಕೂತಿದ್ದೀರಾ? ಒಂದು ಚೂರೂ ಮೆತ್ತನೆ ಇಲ್ಲ. ಆದರೂ ಅದರ ಮೇಲೆ ಕೂತು ದಿನವಿಡೀ ಉತ್ತಿದ್ದಾರೆ. ಪಿರ್ರೆಯ ಆಕಾರಕ್ಕೇ ಬಾಗಿಸಿದ ತಟ್ಟೆ ಅದು. ಭಾರ ಅಗಲವಾಗಿ ಹಂಚುತ್ತದೆ. ಆಕಾರ ಸರಿ ಇದ್ದರೆ ಕಬ್ಬಿಣವೂ ಕೂರಿಸಿಕೊಳ್ಳುತ್ತದೆ.

ಸೀಟಿನ ಹಿಂಭಾಗ, ಮೂಳೆ ಊರುವ ಕಡೆ, ಅಗಲವಿರಬೇಕು. ಮುಂಭಾಗ ಟ್ಯಾಂಕಿನ ಹತ್ತಿರ ಸಪೂರವಾಗಿರಬೇಕು, ಇಲ್ಲದಿದ್ದರೆ ಕಾಲು ನೆಲಕ್ಕೆ ಎಟಕುವುದಿಲ್ಲ. ಇವೆರಡೂ ಎಲ್ಲಿ ಸೇರುತ್ತವೋ ಅಲ್ಲೇ ಕಷ್ಟ. ಆ ಅಂಚು ಚೂಪಾಗಿದ್ದರೆ ಒಳತೊಡೆಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ನಾನು ಫೋಮು ಕೆತ್ತುವಾಗ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕಳೆಯುವುದು ಆ ಅಂಚಿನ ಮೇಲೆ. ಉಜ್ಜುವುದು, ಕೂತು ನೋಡುವುದು, ಮತ್ತೆ ಉಜ್ಜುವುದು.

ಇಳಿಜಾರು ಇನ್ನೊಂದು. ಎಷ್ಟೋ ಸೀಟುಗಳು ಮುಂದಕ್ಕೆ ಇಳಿಜಾರಾಗಿರುತ್ತವೆ. ಪ್ರತಿ ಬ್ರೇಕಿಗೂ ಮೈ ಟ್ಯಾಂಕಿನ ಕಡೆ ಜಾರುತ್ತದೆ. ನೀವು ಕೈಯಿಂದ ಹ್ಯಾಂಡಲ್ ಒತ್ತಿ ಹಿಂದೆ ಸರಿಯುತ್ತೀರಿ. ದಿನಕ್ಕೆ ನೂರಾರು ಸಲ. ಸಂಜೆ ಮಣಿಕಟ್ಟು, ಭುಜ, ಕುತ್ತಿಗೆ ನೋಯುತ್ತದೆ. ಹ್ಯಾಂಡಲ್ ಎತ್ತರಿಸೋಕೆ ಓಡುತ್ತೀರಿ. ತಪ್ಪು ಇದ್ದದ್ದು ಸೀಟಿನಲ್ಲಿ. ಜಾರಿ ಮುಂದೆ ಬಂದಾಗ ಭಾರ ಮೂಳೆ ಬಿಟ್ಟು ತೊಡೆಸಂದಿನ ಮೆತ್ತನೆ ಜಾಗಕ್ಕೂ ಬೀಳುತ್ತದೆ. ಅಲ್ಲಿ ನರಗಳಿವೆ, ರಕ್ತನಾಳಗಳಿವೆ. ಅಲ್ಲಿ ಮರಗಟ್ಟಿದ ಹಾಗಾದರೆ ಗಂಡಸರು ನಾಚಿಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಹಾಗೆ ಇರಬೇಡಿ. ಗಾಡಿ ನಿಲ್ಲಿಸಿ, ಇಳಿಯಿರಿ, ಸೀಟು ಸರಿಮಾಡಿಸಿ. ಆಮೇಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಎತ್ತರ ಕಡಿಮೆ ಇರುವವರ ಕಷ್ಟ ನನಗೆ ಅರ್ಥವಾಗುತ್ತದೆ. ಕೆಲವು ಅಡ್ವೆಂಚರ್ ಗಾಡಿಗಳ ಸೀಟು ನೆಲದಿಂದ 850 ಮಿಲಿಮೀಟರ್ ದಾಟುತ್ತದೆ. ಕಾಲು ಎಟಕಲಿ ಅಂತ ಫೋಮು ಕೊಯ್ಯಿಸುತ್ತಾರೆ. 60 ಮಿಲಿಮೀಟರ್ ಫೋಮಿನಲ್ಲಿ 25 ತೆಗೆದರೆ ಉಳಿಯುವುದು 35. ಅಷ್ಟರಲ್ಲಿ ಮೂಳೆ ತಳ ಮುಟ್ಟುತ್ತದೆ. ಇನ್ನೊಂದು ನಷ್ಟವೂ ಇದೆ. ಫುಟ್‌ರೆಸ್ಟ್ ಇದ್ದಲ್ಲೇ ಇದೆ, ಸೀಟು ಮಾತ್ರ ಕೆಳಗೆ ಬಂತು. ಮಂಡಿ ಇನ್ನಷ್ಟು ಮಡಚಿಕೊಂಡಿತು. ಸೀಟು, ಹ್ಯಾಂಡಲ್, ಫುಟ್‌ರೆಸ್ಟ್ ಈ ಮೂರೂ ಒಂದು ತ್ರಿಕೋನ. ಒಂದು ಮೂಲೆ ಅಲುಗಿಸಿದರೆ ಉಳಿದೆರಡೂ ಬದಲಾಗುತ್ತವೆ. ಮೊದಲು ಸೀಟಿನ ಮುಂಭಾಗವನ್ನು ಸಪೂರ ಮಾಡಿಸಿ ನೋಡಿ. ತೊಡೆ ಹೊರಕ್ಕೆ ಚಾಚುವುದು ಕಡಿಮೆಯಾಗಿ, ಎತ್ತರ ತೆಗೆಯದೆಯೇ ಕಾಲು ನೆಲಕ್ಕೆ ಹತ್ತಿರವಾಗುತ್ತದೆ.

ಹಿಂದೆ ಕೂರುವವರ ಬಗ್ಗೆ ಹೇಳದೆ ಹೋದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಸಲ ನಾನು, ನನ್ನ ಹೆಂಡತಿ ದೂರದ ದಾರಿ ಹೊರಟಿದ್ದೆವು. ನನ್ನ ಸೀಟನ್ನು ಚೆನ್ನಾಗಿ ಸರಿಮಾಡಿಕೊಂಡಿದ್ದೆ. ಮೂರು ಗಂಟೆ ಆದಮೇಲೆ ಮೆಲ್ಲಗೆ ನನ್ನ ಭುಜ ತಟ್ಟಿ, "ರೀ, ಸ್ವಲ್ಪ ನಿಲ್ಸಿ" ಅಂದಳು. ಇಳಿಯೋಕೆ ಹೋದವಳಿಗೆ ಕಾಲು ಊರಲು ಆಗಲಿಲ್ಲ. ಗಾಡಿ ಹಿಡಿದುಕೊಂಡೇ ಐದು ನಿಮಿಷ ನಿಂತಳು. "ಮೊದಲೇ ಹೇಳಬಾರದಿತ್ತಾ?" ಅಂದೆ. "ನೀವು ಅಷ್ಟು ಖುಷಿಯಾಗಿ ಓಡಿಸ್ತಾ ಇದ್ರಲ್ಲ" ಅಂದಳು.

ಅವತ್ತು ರಾತ್ರಿ ಮೊದಲ ಸಲ ನಾನು ಹಿಂದಿನ ಸೀಟನ್ನು ಸರಿಯಾಗಿ ನೋಡಿದೆ. ಒಂದು ಗೇಣೂ ಅಗಲವಿಲ್ಲ, ಫೋಮು ಎರಡು ಬೆರಳು ದಪ್ಪ. ಓಡಿಸುವವರು ಎರಡು ಚಕ್ರಗಳ ನಡುವೆ ಕೂರುತ್ತಾರೆ. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂದಿನ ಚಕ್ರದ ನೆತ್ತಿಯ ಮೇಲೇ ಇರುತ್ತಾರೆ. ಮಕ್ಕಳು ಆಡುವ ಸೀಸಾ ಹಲಗೆಯ ನಡುವೆ ಕೂತವರಿಗೂ ತುದಿಯಲ್ಲಿ ಕೂತವರಿಗೂ ಇರುವಷ್ಟೇ ವ್ಯತ್ಯಾಸ. ಗುಂಡಿ ಬರುವುದು ಅವರಿಗೆ ಕಾಣುವುದೂ ಇಲ್ಲ, ಮೈ ಬಿಗಿ ಮಾಡಿಕೊಳ್ಳೋಕೆ ಸಮಯವೂ ಸಿಗುವುದಿಲ್ಲ. ಫುಟ್‌ರೆಸ್ಟ್ ಎತ್ತರದಲ್ಲಿರುವುದರಿಂದ ಮಂಡಿ ಮಡಚಿಕೊಂಡು, ತೊಡೆ ಹೊರಬೇಕಾದ ಭಾರವೂ ಮೂಳೆಗೇ ಬೀಳುತ್ತದೆ. ಒಳ್ಳೆಯ ಸೀಟು ಎಲ್ಲಕ್ಕಿಂತ ಮೊದಲು ಬೇಕಾದವರಿಗೆ ಕಂಪನಿಗಳು ಉಳಿದ ತುಂಡು ಕೊಡುತ್ತವೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಗಟ್ಟಿಯಾಗಿಯೇ ಹೇಳುತ್ತೇನೆ. ಗಾಡಿ ಕೊಳ್ಳುವ ಮುಂಚೆ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಅವರೂ ಕೂತು ಒಂದು ಸುತ್ತು ಬರಲಿ.

ಒಬ್ಬರು ಕೇಳಿದರು: "ಸೀಟಿಗೆ ಕೈ ಹಾಕದೆ ಏನಾದರೂ ಮಾಡಬಹುದಾ?" ಮಾಡಬಹುದು. ಹಿಂದಿನ ಜೇಬಿನ ಪರ್ಸ್ ತೆಗೆದು ಬೇರೆ ಕಡೆ ಇಡಿ. ಅದು ಸೊಂಟವನ್ನು ಒಂದು ಕಡೆ ಎತ್ತುತ್ತದೆ, ಪಿರ್ರೆಯ ಕೆಳಗೆ ಹಾದುಹೋಗುವ ಸಯಾಟಿಕ್ ನರವನ್ನು ಒತ್ತುತ್ತದೆ. ದಪ್ಪ ಹೊಲಿಗೆಯ ಜೀನ್ಸ್, ಹತ್ತಿಯ ಒಳಉಡುಪು ದೂರದ ದಾರಿಗೆ ಒಳ್ಳೆಯದಲ್ಲ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತದೆ. ಒದ್ದೆ ಚರ್ಮ ಬೇಗ ಉಜ್ಜಿಹೋಗುತ್ತದೆ. ಗಾಳಿ ಆಡುವ ಜಾಲರಿ ಕವರ್ ಹಾಕಿದರೆ ಅರ್ಧ ಉರಿ ಹೋಗುತ್ತದೆ. ಮತ್ತೆ, ಖಾಲಿ ರಸ್ತೆಯಲ್ಲಿ ಆಗಾಗ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಒಂದಿಂಚು ಮೇಲೇಳಿ. ಹತ್ತು ಸೆಕೆಂಡ್ ಸಾಕು, ಒತ್ತಿಹೋದ ಜಾಗಕ್ಕೆ ರಕ್ತ ಹರಿಯುತ್ತದೆ. ಅಮೆರಿಕದ ಐರನ್ ಬಟ್ ಸಂಘದವರ ಒಂದು ಸವಾಲಿದೆ, 24 ಗಂಟೆಯೊಳಗೆ 1000 ಮೈಲಿ, ಅಂದರೆ 1609 ಕಿಲೋಮೀಟರ್. ಅಂಥ ಸವಾರಿ ಮಾಡುವವರ ಗಾಡಿಗಳನ್ನು ನೋಡಿ. ತಮ್ಮ ಅಳತೆಗೆ ಮಾಡಿಸಿದ ಅಗಲ ಸೀಟುಗಳು ಅಲ್ಲಿ ಎದ್ದು ಕಾಣುತ್ತವೆ. ಒತ್ತಿದರೆ ನಿಮ್ಮ ಹೆಬ್ಬೆರಳಿಗೆ ಅವು ಗಟ್ಟಿಯೇ ಅನ್ನಿಸುತ್ತವೆ.

ಸೀಟು ಮಾಡಿಸುವುದಾದರೆ ಮನೆಯಲ್ಲೇ ಒಂದು ಅಳತೆ ತೆಗೆದುಕೊಂಡು ಹೋಗಿ. ಗಟ್ಟಿ ಸ್ಟೂಲಿನ ಮೇಲೆ ಒಂದು ರಟ್ಟಿನ ಡಬ್ಬದ ತುಂಡು ಇಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಮಂಡಿ ಸ್ವಲ್ಪ ಎತ್ತಿ ಒಂದೆರಡು ನಿಮಿಷ ಇರಿ. ಎದ್ದು ನೋಡಿದರೆ ಎರಡು ಗುಳಿ ಕಾಣುತ್ತವೆ. ಬೆರಳಾಡಿಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗುಳಿಯಿಂದ ಗುಳಿಗೆ ಅಳೆದು ಬರೆದುಕೊಳ್ಳಿ. ಕೆಲಸ ಮಾಡುವವರಿಗೆ ಆ ರಟ್ಟನ್ನೇ ಕೊಡಿ. ರೆಕ್ಸಿನ್ ಹೊಲಿಯುವ ಮುಂಚೆ, ಬರೀ ಫೋಮಿನ ಮೇಲೆ ಒಂದು ಬಟ್ಟೆ ಬಿಗಿದು, ಕನಿಷ್ಠ ಒಂದು ಗಂಟೆ ಓಡಿಸಿ ಬರುತ್ತೇನೆ ಅಂತ ಕೇಳಿಕೊಳ್ಳಿ. ಒಳ್ಳೆಯ ಕೆಲಸಗಾರರು ಬೇಡ ಅನ್ನುವುದಿಲ್ಲ.

ಈ ಮೇಜಿನ ಮೇಲೆ ಮೂರು ಫೋಮ್ ತುಂಡು ಇಟ್ಟಿದ್ದೇನೆ. ಮೂರೂ ಒಂದೇ ದಪ್ಪ. ಒಂದು ಸೋಫಾದ್ದು, ಒಂದು ಮೆಮೊರಿ ಫೋಮು, ಇನ್ನೊಂದು ಬೈಕ್ ಸೀಟಿನಿಂದ ಕೊಯ್ದ, ಅಚ್ಚಿನಲ್ಲಿ ಮಾಡಿದ ಮೋಲ್ಡ್ ಫೋಮು. ಎಲ್ಲರೂ ಮುಂದೆ ಬನ್ನಿ. ಬೇಕಿದ್ದರೆ ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ, ಯಾವುದು ಇಷ್ಟವಾಯಿತು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ತುಂಡನ್ನು ನೆಲಕ್ಕೆ ಹಾಕಿ, ಅದರ ಮೇಲೆ ಒಂದು ಮಂಡಿ ಊರಿ, ಪೂರ್ತಿ ಭಾರ ಬಿಟ್ಟು, ಅರವತ್ತರವರೆಗೆ ಎಣಿಸಿ.